84 ಅಂಕದ ಹಳೇಬೀಡು

ಬಹರೈನಿನ ಪೂರ್ವ ಕರಾವಳಿಯ ಅಸ್ಕರ್ ಎಂಬ ಊರಿಗೂ ಹಾಸನ ಜಿಲ್ಲೆಯ ಹಳೇಬೀಡಿಗೂ ನಂಟು ಹುಡುಕುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಹೊರಗಿನವರಿಗೆ ಅಸ್ಕರ್ ಎಂದರೆ ಅಲ್ಬಾ. 1971ರಿಂದ ಅಲ್ಯೂಮಿನಿಯಂ ಕರಗಿಸುತ್ತಿರುವ ಈ ಕಾರ್ಖಾನೆ ಇಂದು ವರ್ಷಕ್ಕೆ 15 ಲಕ್ಷ ಟನ್ನಿಗೂ ಹೆಚ್ಚು ಲೋಹ ತಯಾರಿಸುತ್ತದೆ. ಒಂದೇ ಆವರಣದಲ್ಲಿರುವ ಜಗತ್ತಿನ ಅತಿ ದೊಡ್ಡ ಅಲ್ಯೂಮಿನಿಯಂ ಕಾರ್ಖಾನೆಗಳ ಸಾಲಿಗೆ ಸೇರಿದೆ. ಕಚ್ಚಾವಸ್ತು ಹಡಗಿನಲ್ಲಿ ಬರುತ್ತದೆ, ವಿದ್ಯುತ್ತು ಅನಿಲದಿಂದ ಹುಟ್ಟುತ್ತದೆ, ದುಡಿಮೆಯ ಒಂದು ಪಾಲು ಸಮುದ್ರದಾಚೆಯಿಂದ ಬರುತ್ತದೆ. ಕೊಲ್ಲಿಯ ಇಂಥ ಕೈಗಾರಿಕಾ ಊರುಗಳ ಸುತ್ತ ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಕುಟುಂಬಗಳು ತಲೆಮಾರುಗಳಿಂದ ಬದುಕು ಕಟ್ಟಿಕೊಂಡಿವೆ. ದ್ವೀಪದ ಕನ್ನಡ ಸಂಘದಲ್ಲಿ ರಾಜ್ಯೋತ್ಸವ ನಡೆಯುತ್ತದೆ, ಯಕ್ಷಗಾನವೂ ನಡೆಯುತ್ತದೆ. ಮನೆಯ ಮಕ್ಕಳ ಸಂಜೆ ಮಾತ್ರ ಬಹುಮಟ್ಟಿಗೆ ಆಟದ ಪರದೆಯ ಮುಂದೆ ಕಳೆಯುತ್ತದೆ.

ಆ ಪರದೆಯ ಮೇಲೆ ಬೇಲೂರು, ಹಳೇಬೀಡು ಎಂಬ ಎರಡು ಹೆಸರುಗಳು ಉಚ್ಚಾರಗೊಳ್ಳುವ ಒಂದು ಆಟವಿದೆ. ಅದು 2017ರ ಆಗಸ್ಟ್ 22ರಂದು ಪ್ಲೇಸ್ಟೇಷನ್ 4ರಲ್ಲಿ ಬಿಡುಗಡೆಯಾದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’. ಆಗ ಅದರ ಬೆಲೆ 40 ಡಾಲರ್, ಬಹರೈನಿನ ಲೆಕ್ಕದಲ್ಲಿ ಸುಮಾರು 15 ದಿನಾರ್. 2022ರಲ್ಲಿ ಅದು ‘ಲೆಗಸಿ ಆಫ್ ಥೀವ್ಸ್’ ಎಂಬ ಸಂಪುಟದ ಭಾಗವಾಗಿ ಮೊದಲು ಪ್ಲೇಸ್ಟೇಷನ್ 5ಕ್ಕೆ, ಬಳಿಕ ಕಂಪ್ಯೂಟರಿಗೆ ಬಂತು. ಕಂಪ್ಯೂಟರ್ ಆವೃತ್ತಿಯಲ್ಲಿ ಅರಬ್ಬಿ ಭಾಷೆಯ ಆಯ್ಕೆ ಇದೆ. ಕನ್ನಡ ಇಲ್ಲ. ಅಸ್ಕರ್‌ನ ಒಬ್ಬ ಕನ್ನಡ ಹುಡುಗಿ ಹೊಯ್ಸಳರ ಕಥೆಯನ್ನು ತನ್ನ ಸಹಪಾಠಿಯ ಭಾಷೆಯಲ್ಲಿ ಆಡಬಲ್ಲಳು, ಅಜ್ಜಿಯ ಭಾಷೆಯಲ್ಲಿ ಆಡಲಾರಳು. ಮಾರುಕಟ್ಟೆಯ ಗಾತ್ರ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಈ ಆಟ ಜಗತ್ತಿನ ಕೈಗೆ ಬಂದಾಗ ಅದರ ಮೌಲ್ಯಮಾಪನ ಮಾಡಿದವರು ಯಾರು, ಯಾವ ಅಳತೆಗೋಲು ಹಿಡಿದು ಮಾಡಿದರು, ಆ ಹೊತ್ತಿನಲ್ಲಿ ಕನ್ನಡದ ವಿಮರ್ಶೆ ಎಲ್ಲಿತ್ತು?

ಆಟವನ್ನು ಕಾಣದವರಿಗಾಗಿ ಒಂದಿಷ್ಟು ವಿವರ. ಅಮೆರಿಕದ ನಾಟಿ ಡಾಗ್ ಸಂಸ್ಥೆಯ ‘ಅನ್‌ಚಾರ್ಟೆಡ್’ ಸರಣಿಯ ಆಟಗಳಲ್ಲಿ ಕ್ಯಾಮೆರಾ ಮುಖ್ಯ ಪಾತ್ರದ ಬೆನ್ನ ಹಿಂದೆ ನಿಲ್ಲುತ್ತದೆ. ಆಟಗಾರ ಆ ದೇಹವನ್ನು ಓಡಿಸುತ್ತಾನೆ, ಬಂಡೆ ಹತ್ತಿಸುತ್ತಾನೆ, ಗುಂಡು ಹಾರಿಸಲು ಹಚ್ಚುತ್ತಾನೆ, ಪುರಾತನ ಒಗಟುಗಳನ್ನು ಬಿಡಿಸುತ್ತಾನೆ. ನಾಲ್ಕು ಆಟಗಳಲ್ಲಿ ನೇಥನ್ ಡ್ರೇಕ್ ಎಂಬ ಬಿಳಿಯ ಸಾಹಸಿಯೇ ನಾಯಕ. ಐದನೆಯದಾದ ಈ ಉತ್ತರಭಾಗ ಮೂಲತಃ ನಾಲ್ಕನೆಯದಕ್ಕೆ ಅಂಟಿಸಬೇಕಾಗಿದ್ದ ಬಾಲ. ಬೆಳೆದು ಸ್ವತಂತ್ರ ಆಟವಾಯಿತು. ಇದರಲ್ಲಿ ಡ್ರೇಕ್ ಇಲ್ಲ. 2009ರ ಎರಡನೆಯ ಆಟದಲ್ಲಿ ಕಾಣಿಸಿಕೊಂಡಿದ್ದ ಕ್ಲೋಯಿ ಫ್ರೇಜರ್ ಇಲ್ಲಿ ನಾಯಕಿ. ಅವಳ ಭಾರತೀಯ ಮೂಲ ಕಥೆಯ ಮುನ್ನೆಲೆಗೆ ಬರುವುದು ಈ ಆಟದಲ್ಲಿಯೇ. ಜೊತೆಗಾರ್ತಿ ದಕ್ಷಿಣ ಆಫ್ರಿಕಾದ ಕಪ್ಪು ಮಹಿಳೆ ನಡೀನ್ ರಾಸ್. ಇಬ್ಬರೂ ಪಶ್ಚಿಮ ಘಟ್ಟಗಳಲ್ಲಿ ಹೊಯ್ಸಳರು ಬಚ್ಚಿಟ್ಟರೆಂಬ ಗಣೇಶನ ದಂತವನ್ನು ಹುಡುಕುತ್ತಾರೆ. ಅದೇ ದಂತದ ಹಿಂದೆ ಆಸವ್ ಎಂಬ ಬಂಡುಕೋರ ನಾಯಕನೂ ಬಿದ್ದಿದ್ದಾನೆ. ಅದನ್ನು ಕೊಟ್ಟು ಬಾಂಬು ಪಡೆದು ದೇಶವನ್ನು ಅಂತರ್ಯುದ್ಧಕ್ಕೆ ನೂಕುವುದು ಅವನ ಹಂಚಿಕೆ. ಕೊನೆಯಲ್ಲಿ ಓಡುವ ರೈಲು, ಸ್ಫೋಟ, ಪಾರು.

ವಿಮರ್ಶಕರು ಕೆಟ್ಟದಾಗಿ ನಡೆಸಿಕೊಂಡರು ಎನ್ನುವಂತಿಲ್ಲ. ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ತಾಣದಲ್ಲಿ ಆಟಕ್ಕೆ ಸಿಕ್ಕಿದ್ದು 100ಕ್ಕೆ 84. ಎರಡನೆಯ ಆಟಕ್ಕೆ 96, ಮೂರನೆಯದಕ್ಕೆ 92, ನಾಲ್ಕನೆಯದಕ್ಕೆ 93 ಬಂದಿದ್ದವು ಎಂಬುದನ್ನು ಪಕ್ಕದಲ್ಲಿಟ್ಟರೆ ಈ 84ರ ಧ್ವನಿ ಅರ್ಥವಾಗುತ್ತದೆ: ದೊಡ್ಡ ಮನೆಯ ಕಿರಿಯ ಕೂಸು, ಚೆನ್ನಾಗಿದೆ, ಆದರೆ ಅಣ್ಣಂದಿರಷ್ಟಿಲ್ಲ. ಹೊಗಳಿದವರು ಇಬ್ಬರು ಹೆಂಗಸರ ನಡುವಿನ ಮೊನಚಾದ, ನಿಧಾನವಾಗಿ ಸ್ನೇಹಕ್ಕೆ ತಿರುಗುವ ಸಂಬಂಧವನ್ನು ಹೊಗಳಿದರು. ಜೀಪು ಏರಿ ಮನಬಂದತ್ತ ಹೋಗಬಹುದಾದ ಘಟ್ಟದ ವಿಶಾಲ ಬಯಲನ್ನು, ಜಲಪಾತಗಳ ಮೇಲೆ ಬಿದ್ದ ಬೆಳಕನ್ನು, ಅವಶೇಷಗಳಡಿ ಸಿಲುಕಿದ ಆನೆಯನ್ನು ಬಿಡಿಸಿ ಸವಾರಿ ಮಾಡುವ ಶಾಂತವಾದ ಗಳಿಗೆಯನ್ನು ಮೆಚ್ಚಿದರು. ತೆಗಳಿದವರ ಆಕ್ಷೇಪವೆಂದರೆ ಹಳೆಯ ಸೂತ್ರವೇ ಮತ್ತೆ ಬಂದಿದೆ, ಖಳನಾಯಕ ತೆಳುವಾಗಿದ್ದಾನೆ, ರೈಲಿನ ದೃಶ್ಯ ಎರಡನೆಯ ಆಟದ ಪ್ರಸಿದ್ಧ ರೈಲನ್ನು ನೆನಪಿಸುತ್ತದೆ ಎಂಬುದು. ರಾಜಕೀಯ ಪ್ರಜ್ಞೆಯುಳ್ಳ ಕೆಲವರು ಎತ್ತಿದ ಪ್ರಶ್ನೆಯೊಂದು ಗಟ್ಟಿಯಾಗಿತ್ತು: ಕಪ್ಪು ಆಫ್ರಿಕನ್ ಪಾತ್ರಕ್ಕೆ ಬಿಳಿಯ ಅಮೆರಿಕನ್ ನಟಿ ಲಾರಾ ಬೇಲಿ ದನಿ ಕೊಟ್ಟದ್ದು ಸರಿಯೆ? ಅದು ನಾಲ್ಕನೆಯ ಆಟದ ಕಾಲದಲ್ಲೇ ಎದ್ದಿದ್ದ ವಿವಾದ.

ಇವೆಲ್ಲ ನ್ಯಾಯವಾದ ಮಾತುಗಳೇ. ಆದರೆ ಇಲ್ಲಿ ‘ಹೊಯ್ಸಳ’ ಎಂಬುದು ವಿಮರ್ಶೆಯ ವಿಷಯವಾಗದೆ ಹಿನ್ನೆಲೆಯ ಅಲಂಕಾರವಾಗಿಯೇ ಉಳಿಯಿತು. ಲಿಬರ್ಟಾಲಿಯಾ, ಶಂಭಾಲ, ಎಲ್ ಡೊರಾಡೊ ಎಂಬ ಪುರಾಣದ ಊರುಗಳ ಪಟ್ಟಿಗೆ ಹಳೇಬೀಡೂ ಒಂದು ಎಂಬಂತೆ ಸೇರಿಕೊಂಡಿತು. ಈ ಸೇರ್ಪಡೆಯೇ ಆಟದ ಬಹುದೊಡ್ಡ ಕಲ್ಪನೆ, ಬಹುಶಃ ಬಹುದೊಡ್ಡ ಸುಳ್ಳು ಕೂಡ. ಹಳೇಬೀಡು ಕಳೆದುಹೋದ ಊರಲ್ಲ. ಹಾಸನದಿಂದ ಬಸ್ಸು ಸಿಗುತ್ತದೆ; ಬೇಲೂರಿಗೂ ಅದಕ್ಕೂ ಸುಮಾರು 16 ಕಿಲೋಮೀಟರ್. ದೇವಾಲಯದ ಸುತ್ತ ಜನ ಆಲೂಗಡ್ಡೆ, ಜೋಳ, ಶುಂಠಿ ಬೆಳೆಯುತ್ತಾರೆ, ಬೆಲೆ ಬಿದ್ದಾಗ ಬೀದಿಗಿಳಿಯುತ್ತಾರೆ. ‘ಹಳೆಯ ಬೀಡು’ ಎಂಬ ಹೆಸರೇ, ರಾಜಧಾನಿ ಹಾಳಾದ ಮೇಲೂ ಅಲ್ಲೇ ಉಳಿದವರ ಬಾಯಲ್ಲಿ ಹುಟ್ಟಿದ ಹೆಸರು. 1311ರಲ್ಲಿ ಮಲಿಕ್ ಕಾಫರನ ದಂಡು ಬಂದು ಹೋಯಿತು, ಅನಂತರ ತುಘಲಕ್ ಸೇನೆ ಬಂತು, ಮೂರನೆಯ ಬಲ್ಲಾಳ ಅಲೆದಾಡುತ್ತ ಹೋರಾಡಿ ತಮಿಳು ನೆಲದಲ್ಲಿ ಸತ್ತ. ಊರು ಮಾತ್ರ ಊರಾಗಿಯೇ ಇತ್ತು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಯಾರೂ ಏನನ್ನೂ ಪತ್ತೆಹಚ್ಚಬೇಕಾಗಿರಲಿಲ್ಲ.

ವಾಸ್ತುವಿನ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಆಟದ ಒಳಹೂರಣ ಅಲ್ಲಿ ಬಯಲಾಗುತ್ತದೆ. ಆಟದ ಹಳೇಬೀಡು ಭೀಮಗಾತ್ರದ್ದು. ಬೆಟ್ಟಗಳ ನಡುವೆ ಧುಮ್ಮಿಕ್ಕುವ ನೀರು, ಆಕಾಶಕ್ಕೆ ಚಾಚಿದ ಗೋಪುರ, ಮನುಷ್ಯನನ್ನು ಇರುವೆಯಾಗಿಸುವ ವಿಗ್ರಹ. ನಿಜವಾದ ಹೊಯ್ಸಳ ಕಲೆಯ ಬೆರಗು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯವಾಗಲಿ, 1121ರ ಹೊತ್ತಿಗೆ ಆರಂಭವಾದ ಹೊಯ್ಸಳೇಶ್ವರವಾಗಲಿ ಎತ್ತರದಿಂದ ಬೆದರಿಸುವುದಿಲ್ಲ. ನಕ್ಷತ್ರಾಕಾರದ ಜಗತಿಯ ಮೇಲೆ ನೆಲಕ್ಕೆ ಹತ್ತಿರವಾಗಿಯೇ ಹರಡಿಕೊಂಡು, ನೋಡುವವನು ಬಾಗಿ, ಸುತ್ತಿ, ಮತ್ತೆ ಬಂದು ನೋಡಲಿ ಎಂದು ಕಾಯುತ್ತವೆ. ಬಳಪದ ಕಲ್ಲು ಕಡೆಯುವಾಗ ಮೃದು, ಗಾಳಿಗೆ ಒಡ್ಡಿದ ಮೇಲೆ ಗಡಸು. ಆ ಗುಣದಿಂದಾಗಿಯೇ ಕೊರಳ ಹಾರದ ಮಣಿ ಮಣಿಯನ್ನೂ ಬಿಡಿಸಲು ಉಳಿಗೆ ಸಾಧ್ಯವಾಯಿತು. ಆನೆ, ಸಿಂಹ, ಬಳ್ಳಿ, ಕುದುರೆ ಸವಾರ, ಪುರಾಣದ ಕಥೆ ಎಂದು ಪಟ್ಟಿ ಪಟ್ಟಿಯಾಗಿ ಗೋಡೆಯನ್ನು ಓದಿಕೊಂಡು ಹೋಗಬೇಕು. ಆಟಕ್ಕೆ ಬೇಕಾದದ್ದು ಓದುವ ಗೋಡೆಯಲ್ಲ, ಹತ್ತುವ ಗೋಡೆ. ಬೆರಳು ಹಿಡಿಯಲು ಅಂಚು ಬೇಕು, ಹಾರಲು ಕಂದರ ಬೇಕು, ಹಗ್ಗ ಎಸೆಯಲು ಚಾಚಿದ ತೊಲೆ ಬೇಕು. ಹೀಗೆ ಯಂತ್ರದ ಅಗತ್ಯ ಶೈಲಿಯನ್ನು ತಿದ್ದಿತು. ಹೊಯ್ಸಳ ಶಿಲ್ಪದ ಅಲಂಕಾರವನ್ನು ಕಾಂಬೋಡಿಯದಂಥ ಕಾಡಿಗೂ ಹಾಲಿವುಡ್ಡಿನಂಥ ಎತ್ತರಕ್ಕೂ ಹೊದಿಸಲಾಯಿತು. ‘ಬೆರಗುಗೊಳಿಸುವ ದೃಶ್ಯ’ ಎಂದು ಬರೆದ ವಿಮರ್ಶಕನಿಗೆ ಯಾವ ಬೆರಗನ್ನು ತೆಗೆದು ಯಾವ ಬೆರಗನ್ನು ಇಡಲಾಗಿದೆ ಎಂಬುದು ತಿಳಿಯುವ ದಾರಿಯೇ ಇರಲಿಲ್ಲ. ಅದನ್ನು ಹೇಳಬಲ್ಲವರು ಕನ್ನಡದಲ್ಲಿದ್ದರು.

ಧರ್ಮದ ವಿಷಯದಲ್ಲೂ ಇಂಥದೇ ಚಪ್ಪಟೆತನ. ಆಟದ ಒಗಟುಗಳು ಬಹುಪಾಲು ಶಿವ, ಗಣೇಶ, ಪರಶುರಾಮರ ಕಥೆಯ ಸುತ್ತ ತಿರುಗುತ್ತವೆ. ಪರಶುರಾಮನ ಕೊಡಲಿಗೆ ಗಣೇಶನ ದಂತ ಮುರಿದ ಪ್ರಸಂಗವನ್ನು ಮಗಳಿಗೆ ಹೇಳುವ ಕಥೆಯಾಗಿ ಬಳಸಿಕೊಂಡ ರೀತಿಯಲ್ಲಿ ಮಾರ್ದವವೂ ಇದೆ. ಆದರೆ ಐತಿಹಾಸಿಕ ಹೊಯ್ಸಳ ರಾಜ್ಯ ವೈಷ್ಣವ ಬೇಲೂರು, ಶೈವ ಹಳೇಬೀಡು, ಅದೇ ಹಳೇಬೀಡಿನ ಜೈನ ಬಸದಿಗಳು ಅಕ್ಕಪಕ್ಕ ಬಾಳಿದ, ಕೆಲವೊಮ್ಮೆ ಕಾದಾಡಿಕೊಂಡ ನೆಲ. ಪಾರ್ಶ್ವನಾಥ, ಶಾಂತಿನಾಥ, ಆದಿನಾಥರ ಬಸದಿಗಳು ಹೊಯ್ಸಳೇಶ್ವರದಿಂದ ನಡೆದು ಹೋಗುವಷ್ಟು ದೂರದಲ್ಲಿವೆ. ಜಗತ್ತಿನ ಕೋಟಿ ಮನೆಗಳಿಗೆ ಹೊಯ್ಸಳರನ್ನು ಪರಿಚಯಿಸಬಹುದಾದ ಆಟವೊಂದು ಆ ಬಹುತ್ವವನ್ನು ಒಂದೇ ಪುರಾಣಕ್ಕೆ ಇಳಿಸಿದ್ದು, ಇಂದಿನ ಭಾರತದಲ್ಲಿ ಯಾವ ರಾಜಕೀಯಕ್ಕೆ ಹಿತವೆನಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿ ಡಾಗ್‌ಗೆ ಅಂಥ ಉದ್ದೇಶವಿತ್ತೆಂದಲ್ಲ. ಉದ್ದೇಶವಿಲ್ಲದೆಯೂ ಹೀಗಾಗುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಕನ್ನಡಿಗರು ತಾವೇ ಬೇಲೂರಿನ ಸುತ್ತ ಹೆಣೆದ ಕಲ್ಪನೆಗಳು ಕಡಿಮೆಯೇನಲ್ಲ. 1964ರಲ್ಲಿ ಬಿ.ಎಸ್. ರಂಗಾ ನಿರ್ದೇಶಿಸಿದ ‘ಅಮರಶಿಲ್ಪಿ ಜಕಣಾಚಾರಿ’, ಪೂರ್ಣ ವರ್ಣದಲ್ಲಿ ತಯಾರಾದ ಮೊದಲ ಕನ್ನಡ ಚಿತ್ರ, ಬೇಲೂರನ್ನು ಕಟ್ಟಿದವನೆಂದು ನಿಲ್ಲಿಸಿದ್ದು ಐತಿಹ್ಯದ ಶಿಲ್ಪಿಯನ್ನು. ಆ ದೇವಾಲಯದ ಶಾಸನಗಳು ಬೇರೆಯೇ ಹೆಸರುಗಳನ್ನು ಹೇಳುತ್ತವೆ. ಶಾಂತಲೆಯ ಕುರಿತ ಜನಪ್ರಿಯ ಕಾದಂಬರಿಗಳು, ಮದನಿಕೆಯರನ್ನು ಕಂಡು ಡಿ.ವಿ.ಜಿ. ಬರೆದ ‘ಅಂತಃಪುರ ಗೀತೆ’ ಎಲ್ಲವೂ ಕಲ್ಲಿಗೆ ತಮ್ಮ ಕಾಲದ ಮನಸ್ಸನ್ನು ಬಳಿದವೇ. ಆದ್ದರಿಂದ ‘ಇತಿಹಾಸ ತಪ್ಪಾಗಿದೆ’ ಎಂಬ ದೂರಿನೊಂದಿಗೆ ಅಮೆರಿಕದ ಕಲಾವಿದರ ಎದುರು ನಿಲ್ಲುವ ನೈತಿಕ ಹಕ್ಕು ಕನ್ನಡಕ್ಕೆ ಅಷ್ಟೇನೂ ಇಲ್ಲ. ಕಲ್ಪನೆ ಯಾರ ಸ್ವತ್ತೂ ಅಲ್ಲ. ವ್ಯತ್ಯಾಸವಿರುವುದು ಇಷ್ಟರಲ್ಲಿ: ಜಕಣಾಚಾರಿಯ ಐತಿಹ್ಯವನ್ನು ಕನ್ನಡದ ಇತಿಹಾಸಕಾರರು ಪ್ರಶ್ನಿಸಿದರು, ಶಾಸನಗಳ ಎದುರು ನಿಲ್ಲಿಸಿ ಪರಿಶೀಲಿಸಿದರು, ವಾದಿಸಿದರು. ಸಿನಿಮಾಕ್ಕೂ ಕಾದಂಬರಿಗೂ ವಿಮರ್ಶೆಯ ಎದುರುಮಾತು ದೊರೆಯಿತು. ಆಟಕ್ಕೆ ದೊರೆಯಲಿಲ್ಲ. ಕನ್ನಡ ಪತ್ರಿಕೆಗಳಲ್ಲಿ ಶುಕ್ರವಾರದ ಸಿನಿಮಾಕ್ಕೆ ಇರುವ ನಿಯತ ಜಾಗ ವಿಡಿಯೊ ಗೇಮಿಗೆ ಇಲ್ಲ. ಅದು ತಂತ್ರಜ್ಞಾನದ ಪುಟದಲ್ಲಿ ಸರಕಾಗಿ, ಇಲ್ಲವೆ ಮಕ್ಕಳ ಚಟದ ಕುರಿತ ಲೇಖನದಲ್ಲಿ ರೋಗವಾಗಿ ಕಾಣಿಸಿಕೊಳ್ಳುತ್ತದೆ.

ಆಟದ ಘಟ್ಟಗಳಲ್ಲಿ ಇನ್ನೊಂದು ಗೈರುಹಾಜರಿ ಇದೆ, ಇದು ಹೆಚ್ಚು ಕಾಡುವಂಥದು. ಆರಂಭದ ನಗರವನ್ನು ದಾಟಿದ ಮೇಲೆ, ಪಶ್ಚಿಮ ಘಟ್ಟದ ಆ ಅಗಾಧ ಹಸಿರಿನಲ್ಲಿ ಒಬ್ಬ ರೈತನಿಲ್ಲ, ಸೌದೆ ಹೊತ್ತ ಹೆಂಗಸಿಲ್ಲ, ದನ ಕಾಯುವ ಹುಡುಗನಿಲ್ಲ. ಇಬ್ಬರು ಸಾಹಸಿಗಳಿದ್ದಾರೆ, ಕೊಲ್ಲಲು ಬಂದೂಕುಧಾರಿಗಳಿದ್ದಾರೆ, ಮಂಗಗಳೂ ಆನೆಗಳೂ ಇವೆ. ಹೆಸರುಳ್ಳ ಸಾಮಾನ್ಯ ಭಾರತೀಯಳೆಂದರೆ ಹೆಚ್ಚುಕಡಿಮೆ ನಗರದ ಸಂತೆಯಲ್ಲಿ ಸಿಗುವ ಮೀನು ಎಂಬ ಹುಡುಗಿ ಒಬ್ಬಳೇ. ಜನರಿಲ್ಲದ ಘಟ್ಟ ಎಂಬುದು ನಿರುಪದ್ರವಿ ಕಲ್ಪನೆಯಲ್ಲ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಇಗರ್ಜಿಯ ಅವಶೇಷ ಇಂದಿಗೂ ಮಳೆಗಾಲದಲ್ಲಿ ಅರ್ಧ ಮುಳುಗಿ ಪ್ರವಾಸಿಗರ ಛಾಯಾಚಿತ್ರಕ್ಕೆ ಒದಗುತ್ತದೆ. ನಾಗರಹೊಳೆಯ ಆದಿವಾಸಿಗಳನ್ನು ಹುಲಿಯ ಹೆಸರಿನಲ್ಲಿ ಎಬ್ಬಿಸಲಾಯಿತು. 2011ರ ಮಾಧವ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿಗಳ ಸುತ್ತ ಮಲೆನಾಡಿನಲ್ಲಿ ನಡೆದ ಜಗಳದ ಮೂಲದಲ್ಲಿ ಇದ್ದದ್ದೇ ಈ ಪ್ರಶ್ನೆ: ಘಟ್ಟದಲ್ಲಿ ಮನುಷ್ಯರಿಗೆ ಜಾಗವಿದೆಯೆ, ಇದ್ದರೆ ಯಾವ ಮನುಷ್ಯರಿಗೆ? ಗಾಡ್ಗೀಳರ ವರದಿ ಗ್ರಾಮಸಭೆಯ ಮಾತನ್ನು ಮುಖ್ಯವೆಂದಿತ್ತು. ರೆಸಾರ್ಟಿನ ಜಾಹೀರಾತು, ಅರಣ್ಯ ಇಲಾಖೆಯ ನಕ್ಷೆ, ಸಾಹಸದ ಆಟ ಮೂರೂ ಆ ಗ್ರಾಮಸಭೆಯನ್ನು ಚಿತ್ರದಿಂದ ಅಳಿಸುತ್ತವೆ.

ಆಸವ್‌ನ ಬಂಡಾಯ ಎಂಥದು ಎಂದು ಕೇಳಿದರೆ ಆಟದಲ್ಲಿ ಸ್ಪಷ್ಟ ಉತ್ತರವಿಲ್ಲ. ಜಾತಿಯಿಲ್ಲ, ಭಾಷೆಯಿಲ್ಲ, ಭೂಮಿಯ ಬೇಡಿಕೆಯಿಲ್ಲ. ಗತವೈಭವದ ಮಾತು ಮತ್ತು ಬಂದೂಕು ಮಾತ್ರ. ಖಳನಾಯಕ ತೆಳುವಾಗಿದ್ದಾನೆಂದು ವಿಮರ್ಶಕರು ಬರೆದಾಗ ಅದನ್ನು ಬರವಣಿಗೆಯ ದೋಷವೆಂದು ಕಂಡರು. ಅದು ದೇಶವೊಂದನ್ನು ಅರಿಯಲು ಮನಸ್ಸು ಮಾಡದ ದೋಷವೂ ಹೌದು. ಕ್ಲೋಯಿಯ ತಂದೆ ಹೊಯ್ಸಳ ದಂತದ ಶೋಧದಲ್ಲೇ ಮುಳುಗಿ, ದರೋಡೆಕೋರರ ಕೈಯಲ್ಲಿ ಸತ್ತವನು. ಈ ಎಳೆಯನ್ನು ಕರ್ನಾಟಕ ಬಲ್ಲ ಯಾರೇ ಓದಿದರೂ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಶಾಸನಗಳನ್ನೂ ವಚನಗಳನ್ನೂ ಬದುಕಿಡೀ ಓದಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆಟ ಬಿಡುಗಡೆಯಾದ ಸರಿಯಾಗಿ 14ನೆಯ ದಿನ, 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾಯಿತು. ಪರದೇಶದಲ್ಲಿ ಆ ವಾರ ಆ ಆಟವನ್ನು ಆಡುತ್ತಿದ್ದ ಕನ್ನಡದ ಯುವಕರು ಒಂದು ಕಿಟಕಿಯಲ್ಲಿ ಕಲ್ಪಿತ ಹೊಯ್ಸಳ ನಾಡನ್ನೂ ಇನ್ನೊಂದರಲ್ಲಿ ಈ ಸುದ್ದಿಯನ್ನೂ ಕಂಡಿರಬೇಕು. ಗತವನ್ನು ಓದುವವರಿಗೆ ಅಪಾಯ ಕಾಡಿನ ದರೋಡೆಕೋರರಿಂದ ಬರುತ್ತದೆ ಎಂದು ಆಟ ಹೇಳುತ್ತದೆ. ಕರ್ನಾಟಕದಲ್ಲಿ ಅದು ಬೈಕಿನ ಮೇಲೆ ಬಂತು.

ಅರಬರ ಕಡೆಯಿಂದ ನೋಡಿದರೆ ಈ ಚಿತ್ರಕ್ಕೆ ಒಂದು ಕನ್ನಡಿ ಸಿಗುತ್ತದೆ. 2011ರ ಮೂರನೆಯ ‘ಅನ್‌ಚಾರ್ಟೆಡ್’ ರಬ್ ಅಲ್ ಖಾಲಿ ಮರುಭೂಮಿಯಲ್ಲಿ ಕಂಬಗಳ ಊರಾದ ಇರಾಮನ್ನು ಹುಡುಕಿತು, ಸಿಕ್ಕ ಮೇಲೆ ಅದನ್ನು ಕುಸಿದು ಹೋಗುವಂತೆ ಮಾಡಿತು. ಎರಡನೆಯದರಲ್ಲಿ ಶಂಭಾಲಕ್ಕೂ ಅದೇ ಗತಿ. ಅರಬ್ ನೆಲದ ನಿಜವಾದ ಶೋಧದ ಕಥೆ ಕೇಳಬೇಕಾದರೆ ಅಸ್ಕರ್‌ನಿಂದ ಬಹುದೂರ ಹೋಗಬೇಕಾಗಿಲ್ಲ. ಬಹರೈನ್ ಪ್ರಾಚೀನ ದಿಲ್ಮನ್ ನಾಡು. ಅಲ್ಲಿನ 11,000ಕ್ಕೂ ಹೆಚ್ಚು ಸಮಾಧಿ ದಿಬ್ಬಗಳು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 1950ರ ದಶಕದಲ್ಲಿ ಡೆನ್ಮಾರ್ಕಿನ ಪಿ.ವಿ. ಗ್ಲೋಬ್ ಮತ್ತು ಒಂದು ಕಾಲಕ್ಕೆ ಅಲ್ಲಿಯೇ ತೈಲ ಕಂಪನಿಯ ನೌಕರನಾಗಿದ್ದ ಜೆಫ್ರಿ ಬಿಬಿ ವರ್ಷ ವರ್ಷವೂ ಬಂದು ಬುಟ್ಟಿ ಬುಟ್ಟಿ ಮಣ್ಣು ತೆಗೆಸಿದರು. ಕೊಲ್ಲಿಯ ಮಾದರಿಯ ಮುದ್ರೆಯೊಂದು ಗುಜರಾತಿನ ಲೋಥಲ್‌ನಲ್ಲೂ ಸಿಕ್ಕಿದೆ. ಸಮುದ್ರದ ಈ ಹಾದಿ ವೀಸಾ ಬರುವುದಕ್ಕೆ ನಾಲ್ಕು ಸಾವಿರ ವರ್ಷ ಹಿಂದಿನದು. ಇದರಲ್ಲಿ ಸ್ಫೋಟವಿಲ್ಲ, ಆದ್ದರಿಂದ ಆಟವೂ ಇಲ್ಲ. ಇಬ್ಬರ ನಾಡೂ ಒಂದೇ ಸರಣಿಯಲ್ಲಿ ‘ಕಳೆದುಹೋದ ನಗರ’ವಾಗಿದೆ ಎಂಬ ಸಂಗತಿ, ಅಸ್ಕರ್‌ನಂಥ ಊರಿನಲ್ಲಿ ಒಬ್ಬ ಬಹರೈನಿ ಹುಡುಗನಿಗೂ ಕನ್ನಡದ ಹುಡುಗಿಗೂ ಮಾತಿಗೆ ಕೂರಲು ಒಳ್ಳೆಯ ನೆಪ.

ಆಟವೊಂದರ ಸ್ವೀಕಾರ ಬೇರೆ ರೀತಿಯಲ್ಲೂ ಇರಬಹುದು. 2020ರಲ್ಲಿ ಅದೇ ನಾಟಿ ಡಾಗ್‌ನ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗ ಬಂದಾಗ ವಿಮರ್ಶಕರು 93 ಅಂಕ ಕೊಟ್ಟರೆ, ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಸಾವಿರಾರು ಬಳಕೆದಾರರು ಸೊನ್ನೆ ಸುರಿದರು. ಆಡಿ ಮುಗಿಸುವಷ್ಟು ಹೊತ್ತೂ ಆಗಿರಲಿಲ್ಲ. ಬಳಕೆದಾರರ ವಿಮರ್ಶೆಗೆ 36 ಗಂಟೆ ಕಾಯಬೇಕೆಂದು ಮೆಟಾಕ್ರಿಟಿಕ್ ನಿಯಮ ತಂದದ್ದು ಅದರ ಬೆನ್ನಿಗೇ. ಆ ಜಗಳ ಕೊಳಕಾಗಿತ್ತು, ಸಲಿಂಗ ಪ್ರೇಮದ ಮೇಲಿನ ದ್ವೇಷ ಅದರಲ್ಲಿ ಧಾರಾಳವಾಗಿತ್ತು. ಅದೇ ವರ್ಷ ಇನ್ನೊಂದು ಅಮೆರಿಕನ್ ಸಂಸ್ಥೆ ಸಕರ್ ಪಂಚ್ ಜಪಾನಿನ ದ್ವೀಪವೊಂದನ್ನು ವಸ್ತುವಾಗಿಸಿ ‘ಘೋಸ್ಟ್ ಆಫ್ ಸುಶಿಮಾ’ ಮಾಡಿತು. ಜಪಾನಿನ ವಿಮರ್ಶಕರು ಅದನ್ನು ಕೂಲಂಕಷವಾಗಿ ಪರೀಕ್ಷಿಸಿದರು; ಹದಿಮೂರನೆಯ ಶತಮಾನದ ಕಥೆಯಲ್ಲಿ ನಂತರದ ಕಾಲದ ಕವಿತೆಯ ರೂಪ ಬಂದದ್ದನ್ನೂ ಗುರುತಿಸಿದರು, ಒಟ್ಟಾರೆ ಮೆಚ್ಚಿಯೂ ಕೊಂಡರು. ಆ ಸೆಪ್ಟೆಂಬರಿನಲ್ಲಿ ಚಂಡಮಾರುತಕ್ಕೆ ಸುಶಿಮಾದ ವತತ್ಸುಮಿ ಗುಡಿಯ ತೋರಣದ್ವಾರ ಉರುಳಿದಾಗ, ಅದನ್ನು ಮತ್ತೆ ಕಟ್ಟಲು 50 ಲಕ್ಷ ಯೆನ್ ಕೇಳಿದ ಮನವಿಗೆ 2 ಕೋಟಿ 70 ಲಕ್ಷ ಯೆನ್ ಹರಿದುಬಂತು. ಕೊಟ್ಟವರಲ್ಲಿ ಆಟದ ಅಭಿಮಾನಿಗಳೇ ಬಹಳ. ಮರುವರ್ಷ ಆಟದ ಇಬ್ಬರು ನಿರ್ದೇಶಕರನ್ನು ದ್ವೀಪದ ಪ್ರವಾಸ ರಾಯಭಾರಿಗಳನ್ನಾಗಿ ನೇಮಿಸಿದರು.

ಹೊಯ್ಸಳ ನೆಲಕ್ಕೂ ಇಂಥ ರಾಯಭಾರಿಗಳು ಬೇಕಿತ್ತೆಂದು ಯಾರಾದರೂ ಹೇಳಿದರೆ ಅನುಮಾನದಿಂದಲೇ ನೋಡಬೇಕು. ಪ್ರವಾಸೋದ್ಯಮದ ಹಸಿವನ್ನು ಮಲೆನಾಡು ಈಗಾಗಲೇ ಸಾಕಷ್ಟು ಕಂಡಿದೆ. ಜಪಾನಿನಲ್ಲಿ ನಡೆದದ್ದರ ತಿರುಳು ಬೇರೆ: ಆ ನೆಲದ ಭಾಷೆಯಲ್ಲಿ ಆಟ ಆಡಲು ಸಿಕ್ಕಿತು, ಆ ನೆಲದ ಭಾಷೆಯಲ್ಲಿ ಅದನ್ನು ಅಳೆಯಲಾಯಿತು, ಅಳೆದ ಮಾತು ಹಿಂತಿರುಗಿ ತಯಾರಕರ ಕಿವಿಗೂ ಬಿತ್ತು. ಪರದೇಶದ ಕನ್ನಡಿಗರ ವಲಯದಲ್ಲಿ ‘ದಿ ಲಾಸ್ಟ್ ಲೆಗಸಿ’ಯ ಕುರಿತು ಮಾತು ಬಂದಾಗ ಸಾಮಾನ್ಯವಾಗಿ ಎರಡರಲ್ಲೊಂದು ದನಿ ಕೇಳಿಸುತ್ತದೆ. ಒಂದು, ‘ನೋಡಿ, ನಮ್ಮ ಬೇಲೂರು ಪ್ಲೇಸ್ಟೇಷನ್ನಿನಲ್ಲಿ’ ಎಂಬ ಹೆಮ್ಮೆ. ಇನ್ನೊಂದು, ‘ನಮ್ಮ ದೇವರ ದಂತವನ್ನು ಆಟದ ಬೊಂಬೆ ಮಾಡಿದರು’ ಎಂಬ ಮುನಿಸು. ಎರಡಕ್ಕೂ ಆಟವನ್ನು ಕೊನೆಯವರೆಗೆ ಆಡುವ ಅಗತ್ಯವಿಲ್ಲ. ಕೊನೆಯವರೆಗೆ ಆಡಿದವರಿಗೆ ಗೊತ್ತಿರುವ ಸಂಗತಿ ಎಂದರೆ, ಸಿಕ್ಕ ದಂತವನ್ನು ಮಾರದೆ ಸಂಸ್ಕೃತಿ ಸಚಿವಾಲಯಕ್ಕೆ ಒಪ್ಪಿಸಲು ಕ್ಲೋಯಿ ನಿರ್ಧರಿಸುತ್ತಾಳೆ. ಡ್ರೇಕನ ಅಣ್ಣ ಸ್ಯಾಮ್ ಮುಖ ಸಿಂಡರಿಸುತ್ತಾನೆ. ಬಿಳಿಯ ಸಾಹಸಿಗಳು ಕದ್ದು ಸಾಗಿಸುವುದನ್ನೇ ಮೋಜಾಗಿಸಿಕೊಂಡಿದ್ದ ಸರಣಿಯಲ್ಲಿ ಇದು ಸಣ್ಣ ತಿರುವಲ್ಲ. ಹೊಯ್ಸಳ ಶಿಲ್ಪಗಳು ಲಂಡನ್, ನ್ಯೂಯಾರ್ಕುಗಳ ವಸ್ತುಸಂಗ್ರಹಾಲಯಗಳಲ್ಲಿ ನಿಂತಿರುವ ಕಾಲದಲ್ಲಿ, ವಸ್ತು ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನು ಆ ಅರೆಭಾರತೀಯ ಹೆಣ್ಣಿನ ಬಾಯಲ್ಲಿ ಇಟ್ಟದ್ದು ಆಟದ ಅತ್ಯಂತ ಪ್ರಾಮಾಣಿಕ ಗಳಿಗೆ. 84 ಅಂಕದೊಳಗೆ ಅದಕ್ಕೆ ಎಷ್ಟು ಸಂದಿತೋ ಲೆಕ್ಕ ಹಾಕುವ ದಾರಿಯಿಲ್ಲ.

ಇನ್ನು ದುಡಿಮೆಯ ಮಾತು. ಕಾರ್ಖಾನೆಯ ನೆರಳಿನಲ್ಲಿ ಬದುಕುವವರು ಈ ಆಟವನ್ನು ಆಡಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಮಾಡಿದವರು ಯಾರು ಎಂಬುದೇ. ಮಧ್ಯಯುಗದ ಭಾರತದಲ್ಲಿ ಬಹುಪಾಲು ಶಿಲ್ಪಿಗಳು ಅನಾಮಿಕರು. ಹೊಯ್ಸಳ ಶಿಲ್ಪಿಗಳು ಹಾಗಲ್ಲ. ಅವರು ಸಹಿ ಹಾಕಿದರು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳ ಸಮೇತ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಕೂಲಿ ಕೊಟ್ಟ ಅರಸನ ಹೆಸರಿನ ಜೊತೆಗೆ ಉಳಿ ಹಿಡಿದವನ ಹೆಸರೂ ಎಂಟು ನೂರು ವರ್ಷ ಉಳಿದದ್ದು ಆ ಕಲೆಯ ರಾಜಕೀಯ. ವಿಡಿಯೊ ಗೇಮಿನ ಕೊನೆಯಲ್ಲೂ ಹೆಸರುಗಳ ದೀರ್ಘ ಪಟ್ಟಿ ಉರುಳುತ್ತದೆ, ಆದರೆ ಆ ಹೆಸರುಗಳ ಹಿಂದಿನ ದಣಿವು ಕಾಣುವುದಿಲ್ಲ. 2020ರಲ್ಲಿ ಪತ್ರಕರ್ತ ಜೇಸನ್ ಶ್ರಯರ್ ಕೊಟಾಕುದಲ್ಲಿ ಬರೆದ ವರದಿ, ನಾಟಿ ಡಾಗ್‌ನಲ್ಲಿ ಬಿಡುಗಡೆಯ ಮುನ್ನ ರಾತ್ರಿ ವಾರಾಂತ್ಯಗಳೆನ್ನದೆ ದುಡಿಯುವ ಪದ್ಧತಿಯನ್ನೂ, ‘ಅನ್‌ಚಾರ್ಟೆಡ್ 4’ರ ನಂತರ ವಿನ್ಯಾಸಕಾರರು ಹೇಗೆ ಒಬ್ಬೊಬ್ಬರಾಗಿ ಬಿಟ್ಟುಹೋದರು ಎಂಬುದನ್ನೂ ಬಯಲಿಗೆ ತಂದಿತು. ದೃಶ್ಯ ವೈಭವಕ್ಕೆ ಅಂಕ ಕೊಡುವ ವಿಮರ್ಶೆ ಆ ವೈಭವದ ಬೆಲೆಯನ್ನು ಅಂಕದೊಳಗೆ ಸೇರಿಸುವುದಿಲ್ಲ.

ಈ ದುಡಿಮೆಯ ಸರಪಳಿಯ ಒಂದು ತುದಿ ಕರ್ನಾಟಕದಲ್ಲೇ ಇದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರ್‌ಆ್ಯಕ್ಟಿವ್ ಎರಡು ದಶಕಗಳ ಕಾಲ ವಿದೇಶಿ ಆಟಗಳಿಗೆ ಕಾರು, ಕಟ್ಟಡ, ಮರಗಿಡಗಳನ್ನು ಚಿತ್ರಿಸಿಕೊಟ್ಟಿತು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಜಗತ್ತಿನ ದೊಡ್ಡ ಆಟಗಳ ಹುಲ್ಲುಕಡ್ಡಿಗಳನ್ನು ಬೆಂಗಳೂರಿನ ಯುವಕ ಯುವತಿಯರು ಬಿಡಿಸುತ್ತಿದ್ದ ಕಾಲದಲ್ಲಿಯೇ, ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾದಿಯ ಹಳೇಬೀಡು ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಳ್ಳುತ್ತಿತ್ತು. ಪುಣೆಯ ಸಣ್ಣ ತಂಡವೊಂದು 2020ರಲ್ಲಿ ‘ರಾಜಿ’ ಎಂಬ ಆಟದ ಮೂಲಕ ಭಾರತೀಯ ವಾಸ್ತುವನ್ನು ತನ್ನದೇ ಅಳತೆಯಲ್ಲಿ ಕಟ್ಟಲು ಯತ್ನಿಸಿತು; ದೋಷಗಳಿದ್ದವು, ಆದರೂ ಚರ್ಚೆಗೆ ಅರ್ಹವಾದ ಯತ್ನ. ಅದಕ್ಕೂ ಕನ್ನಡದಲ್ಲಿ ವಿಮರ್ಶೆ ವಿರಳ.

ಪರದೇಶದ ಕನ್ನಡ ಸಂಘಗಳು ಪ್ರತಿವರ್ಷ ಪುಸ್ತಕ ಬಿಡುಗಡೆಗೆ, ನಾಟಕಕ್ಕೆ, ಸಿನಿಮಾ ಪ್ರದರ್ಶನಕ್ಕೆ ಒಂದೊಂದು ಸಂಜೆ ಮೀಸಲಿಡುತ್ತವೆ. ಬಹರೈನಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಒಂದು ಸಂಜೆ ಈ ಆಟವನ್ನು ದೊಡ್ಡ ಪರದೆಗೆ ಹಾಕಿ, ಹದಿನಾರರ ಹುಡುಗಿಯೊಬ್ಬಳ ಕೈಗೆ ನಿಯಂತ್ರಕ ಕೊಟ್ಟು, ಶಾಸನ ಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಬಹುದು. ಕ್ಲೋಯಿ ಗೋಡೆಯ ಅಂಚು ಹಿಡಿದು ನೇತಾಡುವಾಗ ಹಿರಿಯರು ‘ಆ ಪಟ್ಟಿಕೆಯಲ್ಲಿ ಮಕರ ಇರಬೇಕಿತ್ತು’ ಎನ್ನಬಹುದು. ಹುಡುಗಿ ‘ಮಕರ ಇದ್ದರೆ ಕಾಲಿಡುವುದೆಲ್ಲಿ?’ ಎಂದು ಕೇಳಬಹುದು. ವಾರಾಂತ್ಯದ ಸಭಾಂಗಣದ ಬಾಡಿಗೆ ಮತ್ತು ಒಂದು ಹಳೆಯ ಡಿಸ್ಕಿನ ಬೆಲೆ, ಅಷ್ಟೇ ಖರ್ಚು.